ಜರ್ಮನಿಯಲ್ಲಿ ಎಂ.ಎಸ್.: ಅರ್ಜಿ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಇ., ಬಿ.ಎಸ್ಸಿ., ಬಿ.ಕಾಂ. ಮುಗಿಸಿದ ಅಥವಾ ಕೊನೆಯ ವರ್ಷದಲ್ಲಿರುವ ಕರ್ನಾಟಕದ ವಿದ್ಯಾರ್ಥಿಗಳು ಮತ್ತು ಅವರಿಗಿಂತ ಹೆಚ್ಚು ಆತಂಕದಲ್ಲಿರುವ ಅವರ ತಂದೆ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹತ್ತು ದೇಶಗಳ ಬಗ್ಗೆ ಅಷ್ಟಿಷ್ಟು ಹೇಳುವುದಕ್ಕಿಂತ ಒಂದು ದೇಶದ ಬಗ್ಗೆ ಬಿಡಿಸಿ ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಜರ್ಮನಿಯನ್ನು ಆರಿಸಿಕೊಂಡಿದ್ದೇನೆ. ಶುಲ್ಕ ಮತ್ತು ಗಡುವುಗಳು ವರ್ಷ ವರ್ಷ ಬದಲಾಗುತ್ತವೆ. ಹಣ ಕಟ್ಟುವ ಮುನ್ನ ಆಯಾ ಸಂಸ್ಥೆಯ ಅಧಿಕೃತ ಜಾಲತಾಣವನ್ನು ಒಮ್ಮೆ ತೆರೆದು ನೋಡಿ. ಉತ್ತರಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ, ಬೇಕೆಂದೇ ಬರೆದಿದ್ದೇನೆ: ನಿಮ್ಮ ಅರ್ಜಿಗೆ ಬೇಕಾದ ನಿಯಮಗಳನ್ನು ನೀವೇ ಓದಿ.

ಜರ್ಮನಿಯಲ್ಲಿ ಓದು ಉಚಿತ ಎನ್ನುತ್ತಾರೆ. ನಿಜವೇ?

ಬೋಧನಾ ಶುಲ್ಕದ ಮಟ್ಟಿಗೆ, ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ನಿಜ. ಪ್ರತಿ ಸೆಮಿಸ್ಟರ್‌ಗೆ ವಿದ್ಯಾರ್ಥಿ ಸಂಘ, ಆಡಳಿತ, ಹಲವು ಕಡೆ ಬಸ್ಸು ರೈಲಿನ ಪಾಸು ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 400 ಯೂರೋ ಕಟ್ಟಬೇಕಾಗುತ್ತದೆ.

ಆದರೆ ಎರಡು ದೊಡ್ಡ ಅಪವಾದಗಳಿವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡಲ್‌ಬರ್ಗ್, ಫ್ರೈಬರ್ಗ್, ನಮ್ಮ ನಿಘಂಟಿನ ಕಿಟೆಲ್ ಅವರು ಕೊನೆಯುಸಿರೆಳೆದ ಟ್ಯೂಬಿಂಗೆನ್ ಎಲ್ಲವೂ ಈ ರಾಜ್ಯದಲ್ಲಿವೆ. ಇನ್ನೊಂದು, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ. 2024-25ರ ಚಳಿಗಾಲದಿಂದ ಅಲ್ಲಿ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ ನಿಗದಿಯಾಗಿದೆ. ಹಳೆಯ ವಿಡಿಯೊ ನೋಡಿ ಅಲ್ಲಿ ಶುಲ್ಕವೇ ಇಲ್ಲ ಎಂದುಕೊಂಡು ಬರುವವರು ಈಗಲೂ ಇದ್ದಾರೆ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ, ಅದನ್ನು ಏಜೆಂಟರ ಪ್ರಶ್ನೆಯಲ್ಲಿ ನೋಡೋಣ.

ಶುಲ್ಕ ಇಲ್ಲದಿದ್ದರೂ ಊಟ, ಬಾಡಿಗೆ, ಆರೋಗ್ಯ ವಿಮೆ ಇವೆಯಲ್ಲ. ಮನೆಯವರೊಂದಿಗೆ ಲೆಕ್ಕ ಹಾಕಲು ಕೂತಾಗ ಇವನ್ನೇ ಮೊದಲು ಬರೆಯಿರಿ.

ನನ್ನ ಸಿಜಿಪಿಎ 7.6. ಪ್ರವೇಶ ಸಿಗುತ್ತದೆಯೇ?

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆ. ನಮ್ಮ ಅಂಕಗಳನ್ನು ಆ ಅಳತೆಗೆ ತರಲು ಬವೇರಿಯನ್ ಸೂತ್ರ ಎಂಬ ಲೆಕ್ಕ ಬಳಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಬಂದದ್ದನ್ನು ಗರಿಷ್ಠ ಅಂಕಕ್ಕೂ ತೇರ್ಗಡೆಯ ಕನಿಷ್ಠ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಿ.

ಹತ್ತಕ್ಕೆ 7.6 ಇದ್ದು, ತೇರ್ಗಡೆಯ ಕನಿಷ್ಠ 4 ಎಂದಾದರೆ ನಿಮ್ಮ ಜರ್ಮನ್ ಶ್ರೇಣಿ 2.2. ಕನಿಷ್ಠ 5 ಎಂದು ಹಿಡಿದರೆ ಅದೇ 7.6 ಕುಸಿದು 2.44 ಆಗುತ್ತದೆ. 2.5ಕ್ಕೆ ಗೆರೆ ಎಳೆಯುವ ಕೋರ್ಸುಗಳು ಬಹಳ ಇರುವುದರಿಂದ ಈ ಸಣ್ಣ ವ್ಯತ್ಯಾಸ ಸಣ್ಣದಾಗಿ ಉಳಿಯುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಶ್ರೇಣಿ ಪದ್ಧತಿ, ಅಂದರೆ ಯಾವ ಅಂಕಕ್ಕೆ ಯಾವ ಗ್ರೇಡ್, ಪದವಿ ಪಡೆಯಲು ಬೇಕಾದ ಕನಿಷ್ಠ ಎಷ್ಟು ಎಂಬುದು ಟ್ರಾನ್ಸ್‌ಕ್ರಿಪ್ಟ್‌ನ (ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನು ಒಂದೆಡೆ ತೋರಿಸುವ ದಾಖಲೆ) ಹಿಂಬದಿಯಲ್ಲಿಯೋ ಪ್ರತ್ಯೇಕ ಪತ್ರದಲ್ಲಿಯೋ ಮುದ್ರಿತವಾಗಿದೆಯೇ ನೋಡಿ. ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಸೇರಿಸಿ. ಮುಂಬದಿಯನ್ನಷ್ಟೇ ಕಳುಹಿಸುವವರು ತಮ್ಮ ಪರವಾದ ದಾಖಲೆಯನ್ನು ತಾವೇ ಮುಚ್ಚಿಟ್ಟಂತಾಗುತ್ತದೆ.

ನನಗಿಂತ ಕಡಿಮೆ ಅಂಕದವರಿಗೆ ಸಿಕ್ಕಿತು, ನನ್ನನ್ನು ತಿರಸ್ಕರಿಸಿದರು. ಏಕೆ?

ಅತಿ ಹೆಚ್ಚು ನೋವು ಕೊಡುವ ಪ್ರಶ್ನೆ ಇದು. ಉತ್ತರ ಬಹುತೇಕ ಸಲ ಅಂಕಪಟ್ಟಿಯ ವಿಷಯಗಳಲ್ಲಿರುತ್ತದೆ, ಅಂಕಗಳಲ್ಲಿ ಇರುವುದಿಲ್ಲ.

ಜರ್ಮನ್ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿಯೊಂದು ಸ್ನಾತಕೋತ್ತರ ಕೋರ್ಸಿಗೂ ಅದರದೇ ಪ್ರವೇಶ ನಿಯಮಾವಳಿ ಇರುತ್ತದೆ. ಗಣಿತದಲ್ಲಿ ಇಷ್ಟು ಕ್ರೆಡಿಟ್, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದಲ್ಲಿ ಇಷ್ಟು, ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು ಎಂದು ಅದರಲ್ಲಿ ಖಚಿತವಾಗಿ ಬರೆದಿರುತ್ತಾರೆ. ಪ್ರವೇಶ ಸಮಿತಿ ನಿಮ್ಮ ಟ್ರಾನ್ಸ್‌ಕ್ರಿಪ್ಟನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತದೆ. ಕೊರತೆಯಿದ್ದರೆ 9.5 ಸಿಜಿಪಿಎ ಕೂಡ ಕಾಪಾಡುವುದಿಲ್ಲ. ನಿಮ್ಮ ಕಾಲೇಜು ಎಷ್ಟು ಹೆಸರುವಾಸಿ ಎಂಬುದು ಈ ಹೋಲಿಕೆಯಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಓದಿದವರಿಗೆ ಇದು ನಿಜವಾಗಿಯೂ ಒಳ್ಳೆಯ ಸುದ್ದಿ, ಇದನ್ನು ಅವರಿಗೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಅವರ ಕ್ರೆಡಿಟ್ಟಿಗೆ ಇಸಿಟಿಎಸ್ ಎನ್ನುತ್ತಾರೆ. ಒಂದು ವರ್ಷದ ಪೂರ್ಣಾವಧಿ ಓದು ಎಂದರೆ 60. ನಾಲ್ಕು ವರ್ಷಕ್ಕೆ 240. ನಿಮ್ಮ ಬಿ.ಇ. ಒಟ್ಟು 160 ಕ್ರೆಡಿಟ್‌ಗಳದ್ದಾಗಿದ್ದರೆ ನಮ್ಮ ಒಂದು ಕ್ರೆಡಿಟ್ ಸ್ಥೂಲವಾಗಿ ಅವರ ಒಂದೂವರೆ. 4 ಕ್ರೆಡಿಟ್‌ನ ವಿಷಯ ಅಲ್ಲಿ 6 ಆಗುತ್ತದೆ. ಈ ಲೆಕ್ಕ ಹಿಡಿದು, ಪ್ರತಿ ಕೋರ್ಸಿಗೂ ಒಂದು ಪಟ್ಟಿ ಮಾಡಿ: ಅವರು ಕೇಳಿದ ಕ್ಷೇತ್ರ, ಆ ಕ್ಷೇತ್ರಕ್ಕೆ ಸೇರುವ ನಿಮ್ಮ ವಿಷಯಗಳು, ಕ್ರೆಡಿಟ್. ಕೆಲವು ವಿಶ್ವವಿದ್ಯಾಲಯಗಳು ಇಂಥ ಪಟ್ಟಿಯನ್ನು ನಮೂನೆಯಾಗಿ ಕೊಟ್ಟು ತುಂಬಿಸಿ ಕಳುಹಿಸಿ ಎನ್ನುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಂಕಪಟ್ಟಿಯಲ್ಲಿ ‘ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ 3’ ಎಂದಷ್ಟೇ ಇರುತ್ತದೆ. ಅದರೊಳಗೆ ಲೀನಿಯರ್ ಆಲ್ಜೀಬ್ರಾ ಇದೆಯೋ, ಸಂಭಾವ್ಯತೆ ಇದೆಯೋ, ಫೂರಿಯೆ ಸರಣಿ ಇದೆಯೋ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಪಠ್ಯಕ್ರಮದ ಪ್ರತಿಯಿಂದ ಮಾತ್ರ. ನೀವು ಓದಿದ ಸ್ಕೀಮಿನ ಪಠ್ಯಕ್ರಮವನ್ನು ಇಳಿಸಿಕೊಂಡು, ಪ್ರತಿ ವಿಷಯದ ಘಟಕಗಳನ್ನು ಸಂಕ್ಷೇಪಿಸಿ ಐದಾರು ಸಾಲಿನ ವಿವರಣೆ ತಯಾರಿಸಿ, ಸಾಧ್ಯವಾದರೆ ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಎರಡು ವಾರಾಂತ್ಯ ಹಿಡಿಯುವ ಬೇಸರದ ಕೆಲಸ. ಆದರೆ ಅರ್ಜಿಯಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸ್‌ಗೆ, ಸಿವಿಲ್ ಓದಿ ಕಂಪ್ಯೂಟರ್ ಸೈನ್ಸ್‌ಗೆ ಹೋಗಬೇಕೆನ್ನುವವರು ಈ ಪಟ್ಟಿಯನ್ನು ಮೊದಲೇ ಮಾಡಿ ನೋಡಲಿ. ಆನ್‌ಲೈನ್ ಪ್ರಮಾಣಪತ್ರಗಳು ವಿಶ್ವವಿದ್ಯಾಲಯದ ಕ್ರೆಡಿಟ್‌ಗಳ ಜಾಗವನ್ನು ಸಾಮಾನ್ಯವಾಗಿ ತುಂಬುವುದಿಲ್ಲ. ಮೆಕ್ಯಾನಿಕಲ್‌ನವರಿಗೆ ಕಂಪ್ಯುಟೇಶನಲ್ ಎಂಜಿನಿಯರಿಂಗ್, ಮೆಕಾಟ್ರಾನಿಕ್ಸ್, ಸಿವಿಲ್‌ನವರಿಗೆ ಜಲ ಸಂಪನ್ಮೂಲ, ಜಿಯೋಇನ್ಫರ್ಮ್ಯಾಟಿಕ್ಸ್‌ನಂಥ ಹತ್ತಿರದ ದಾರಿಗಳಿವೆ.

ನನ್ನದು ಮೂರು ವರ್ಷದ ಬಿ.ಎಸ್ಸಿ. ಅರ್ಹಳೇ?

ಅನೇಕ ಕೋರ್ಸುಗಳಿಗೆ ಅರ್ಹರು. ಅಲ್ಲಿನ ಸ್ನಾತಕ ಪದವಿಯೂ ಹೆಚ್ಚಾಗಿ ಮೂರೇ ವರ್ಷದ್ದು, 180 ಇಸಿಟಿಎಸ್. ಕೆಲವು ಕೋರ್ಸುಗಳು 210 ಕೇಳುತ್ತವೆ, ಅಲ್ಲಿ ಮೂರು ವರ್ಷದವರಿಗೆ ತೊಡಕಾಗುತ್ತದೆ. ವಿದೇಶಿ ಪದವಿಗಳು, ಸಂಸ್ಥೆಗಳ ಮಾನ್ಯತೆಯನ್ನು ‘ಅನಾಬಿನ್’ ಎಂಬ ಜರ್ಮನ್ ದತ್ತಾಂಶಕೋಶದಲ್ಲಿ ಹುಡುಕಬಹುದು. ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ ‘ಎಚ್+’ ಎಂದಿದ್ದರೆ ಅದು ಮಾನ್ಯತೆ ಪಡೆದಿದೆ ಎಂದರ್ಥ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ತಂಡಗಳಲ್ಲಿ ಓದಿದವರು ತಮ್ಮ ಪದವಿ ಎಷ್ಟು ವರ್ಷದ್ದು ಎಂಬುದು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿದೆಯೇ ಎಂದು ನೋಡಿಕೊಳ್ಳಲಿ.

ವಿಶ್ವವಿದ್ಯಾಲಯ ಒಳ್ಳೆಯದೋ, ‘ಹೊಖ್‌ಶೂಲೆ’ ಒಳ್ಳೆಯದೋ?

ವಿಶ್ವವಿದ್ಯಾಲಯಗಳಲ್ಲಿ ಸಿದ್ಧಾಂತ ಮತ್ತು ಸಂಶೋಧನೆಗೆ ಒತ್ತು. ಅನ್ವಯಿಕ ವಿಜ್ಞಾನಗಳ ಹೊಖ್‌ಶೂಲೆಗಳಲ್ಲಿ ಕೈಕೆಲಸ, ಉದ್ಯಮದ ನಂಟು ಹೆಚ್ಚು. ಎರಡರ ಪದವಿಗೂ ಸಮಾನ ಮಾನ್ಯತೆ ಇದೆ. ಪಿಎಚ್‌ಡಿ ಮನಸ್ಸಿನಲ್ಲಿದ್ದರೆ ವಿಶ್ವವಿದ್ಯಾಲಯ ಅನುಕೂಲ. ಆಖೆನ್, ಡ್ರೆಸ್ಡೆನ್, ಡಾರ್ಮ್‌ಸ್ಟಾಟ್ ಮುಂತಾದ ಒಂಬತ್ತು ತಾಂತ್ರಿಕ ವಿಶ್ವವಿದ್ಯಾಲಯಗಳ ಕೂಟದ ಹೆಸರನ್ನೇ ಜಪಿಸುವವರು ಉಳಿದ ಒಳ್ಳೆಯ ಕೋರ್ಸುಗಳನ್ನು ಕಳೆದುಕೊಳ್ಳುತ್ತಾರೆ.

ಯಾವಾಗ ಶುರು ಮಾಡಬೇಕು?

ಓದು ಅಕ್ಟೋಬರ್‌ನಲ್ಲಿ ಆರಂಭವಾಗಬೇಕೆಂದಿದ್ದರೆ ಅದರ ಹಿಂದಿನ ವರ್ಷದ ಜುಲೈ ಅಥವಾ ಆಗಸ್ಟ್‌ನಲ್ಲಿ. ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15 ಕೊನೆಯ ದಿನ ಎಂದು ಎಲ್ಲೆಡೆ ಓದುತ್ತೀರಿ. ವಿದೇಶಿ ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವ ಇಂಗ್ಲಿಷ್ ಮಾಧ್ಯಮದ ಅನೇಕ ಕೋರ್ಸುಗಳ ಬಾಗಿಲು ಮಾರ್ಚ್‌ನಿಂದ ಮೇ ಒಳಗೇ ಮುಚ್ಚಿರುತ್ತದೆ, ಕೆಲವು ಅದಕ್ಕಿಂತಲೂ ಮೊದಲು. ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆ ಸೆಮಿಸ್ಟರ್‌ಗೂ ಪ್ರವೇಶವಿದೆ, ಆದರೆ ಕೋರ್ಸುಗಳು ಕಡಿಮೆ. ಕೋರ್ಸು ಹುಡುಕಲು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ದತ್ತಾಂಶಕೋಶ ಬಳಸಿ. ಭಾಷೆ, ಶುಲ್ಕ, ಗಡುವು ಎಲ್ಲವನ್ನೂ ಅಲ್ಲಿ ಶೋಧಿಸಬಹುದು, ಹಣ ಕೊಡಬೇಕಾಗಿಲ್ಲ.

ಎಪಿಎಸ್ ಎಂದರೇನು? ಬಿಟ್ಟುಬಿಡಬಹುದೇ?

ನಿಮ್ಮ ಶೈಕ್ಷಣಿಕ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕಚೇರಿ ಅದು, ದೆಹಲಿಯಲ್ಲಿದೆ. ಭಾರತದ ವಿದ್ಯಾರ್ಥಿಗಳ ವೀಸಾ ಅರ್ಜಿಗೆ 2022ರ ನವೆಂಬರ್‌ನಿಂದ ಇದು ಕಡ್ಡಾಯ, ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯಲ್ಲೇ ಕೇಳುತ್ತವೆ. ಶುಲ್ಕ 18,000 ರೂಪಾಯಿ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಪದವಿಯವರೆಗಿನ ದಾಖಲೆಗಳು ಬೇಕು. ಡಿಎಎಡಿಯಂಥ ಜರ್ಮನ್ ಸಾರ್ವಜನಿಕ ನಿಧಿಯ ವಿದ್ಯಾರ್ಥಿವೇತನ ಪಡೆದವರಿಗೆ ವಿನಾಯಿತಿ ಇದೆ.

ಗಡುವು ಹತ್ತಿರವಾದಾಗ ಎಲ್ಲರೂ ಒಟ್ಟಿಗೆ ಕಳುಹಿಸುವುದರಿಂದ ಪರಿಶೀಲನೆ ವಾರಗಳಿಂದ ತಿಂಗಳುಗಳಿಗೆ ಎಳೆಯುತ್ತದೆ. ಆದ್ದರಿಂದ ಕೋರ್ಸು ಆಯ್ಕೆ ಮುಗಿಯಲಿ ಎಂದು ಕಾಯಬೇಡಿ. ದಾಖಲೆ ಕೈಗೆ ಬಂದ ಕೂಡಲೇ ಎಪಿಎಸ್‌ಗೆ ಹಾಕಿ, ಆಮೇಲೆ ಕೋರ್ಸು ಹುಡುಕಿ.

ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ತೊಂದರೆಯೇ?

ನಮ್ಮ ಕಡೆಯ ವಿದ್ಯಾರ್ಥಿಗಳನ್ನು ಇಷ್ಟು ಕಾಡುವ ವಿಷಯ ಇನ್ನೊಂದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್‌ಗಳು ಬಿಡಿಸಿಕೊಂಡು ಪೂರ್ಣ ಹೆಸರಾಗಿರುತ್ತವೆ, ಅಥವಾ ಕುಟುಂಬದ ಹೆಸರಿನ ಜಾಗ ಖಾಲಿ ಇರುತ್ತದೆ. ಜರ್ಮನಿಯ ಆನ್‌ಲೈನ್ ನಮೂನೆಗಳಲ್ಲಿ ಹೆಸರು, ಕುಟುಂಬದ ಹೆಸರು ಎರಡನ್ನೂ ತುಂಬದೆ ಮುಂದೆ ಹೋಗಲಾಗುವುದಿಲ್ಲ.

ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ನಮೂನೆಗಳಲ್ಲೂ ಬರೆಯಿರಿ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಹೆಸರು ನೋಂದಾಯಿಸುವಾಗಲೂ ಅದನ್ನೇ. ಅಂಕಪಟ್ಟಿಯ ಹೆಸರು ಬೇರೆಯಾಗಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ, ಇಂಗ್ಲಿಷ್‌ನಲ್ಲಿ, ಎಲ್ಲ ಅರ್ಜಿಗಳಿಗೂ ಲಗತ್ತಿಸಿ. ಪಾಸ್‌ಪೋರ್ಟನ್ನು ಇನ್ನೂ ಮಾಡಿಸದವರು ಅದೃಷ್ಟವಂತರು: ಇನಿಷಿಯಲ್ ಬಿಡಿಸಿ, ಕುಟುಂಬದ ಹೆಸರಿನ ಜಾಗ ತುಂಬಿಯೇ ಮಾಡಿಸಿಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್ ಬೇರೆ, ಅಂಕಪಟ್ಟಿ ಬೇರೆಯೇ?

ಬೇರೆ. ಅಂಕಪಟ್ಟಿ ಸೆಮಿಸ್ಟರ್‌ಗೊಂದು; ಟ್ರಾನ್ಸ್‌ಕ್ರಿಪ್ಟ್ ಎಲ್ಲ ಸೆಮಿಸ್ಟರ್‌ಗಳನ್ನೂ ಒಂದೆಡೆ ತೋರಿಸುವ ಅಧಿಕೃತ ದಾಖಲೆ. ವಿಟಿಯು ವಿದ್ಯಾರ್ಥಿಗಳು ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಸ್ವಾಯತ್ತ ಕಾಲೇಜಿನವರು ಮೊದಲು ತಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಲಿ. ಘಟಿಕೋತ್ಸವ ಆಗಿಲ್ಲದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಸಾಕು.

ಬ್ಯಾಕ್‌ಲಾಗ್ ಇದ್ದವರು ಬಚ್ಚಿಡಬೇಡಿ. ಅನುತ್ತೀರ್ಣರಾದ ಪ್ರಯತ್ನದ್ದೂ ಸೇರಿ ಎಲ್ಲ ಅಂಕಪಟ್ಟಿಗಳನ್ನೂ ಇಟ್ಟುಕೊಳ್ಳಿ. ಬ್ಯಾಕ್‌ಲಾಗ್ ಇತ್ತು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವ ಕೋರ್ಸುಗಳು ಕಡಿಮೆ, ಆದರೆ ದಾಖಲೆ ಮುಚ್ಚಿಟ್ಟದ್ದು ಗೊತ್ತಾದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಯೂನಿ-ಅಸಿಸ್ಟ್ ಮೂಲಕ ಹಾಕಬೇಕೋ, ನೇರವಾಗಿಯೋ?

ಅದನ್ನು ನೀವು ಆರಿಸುವಂತಿಲ್ಲ, ವಿಶ್ವವಿದ್ಯಾಲಯ ಹೇಳಿದ ದಾರಿಯಲ್ಲೇ ಹೋಗಬೇಕು. ಯೂನಿ-ಅಸಿಸ್ಟ್ ಬರ್ಲಿನ್‌ನಲ್ಲಿರುವ ಸಂಸ್ಥೆ. ಅನೇಕ ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ದಾಖಲೆಗಳ ಮೊದಲ ಪರಿಶೀಲನೆ ಮಾಡುತ್ತದೆ. ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೂ 30. ಪರಿಶೀಲನೆಗೆ ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ಗಡುವಿಗೆ ಎಂಟು ವಾರ ಮೊದಲೇ ಹಾಕುವುದು ಕ್ಷೇಮ. ಏನಾದರೂ ದಾಖಲೆ ಬಿಟ್ಟುಹೋಗಿದ್ದರೆ ಸೇರಿಸಲು ಆಗ ಸಮಯವಿರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಇವರಿಂದ ಪೂರ್ವಪರಿಶೀಲನಾ ಪತ್ರವನ್ನಷ್ಟೇ ತಂದು, ಅರ್ಜಿಯನ್ನು ತಮ್ಮಲ್ಲೇ ನೇರವಾಗಿ ಹಾಕಿ ಎನ್ನುತ್ತವೆ. ಈ ಪತ್ರಕ್ಕೆ ಬೇರೆ ಸಮಯ ಬೇಕೆಂಬುದನ್ನು ಮರೆಯಬೇಡಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಐಇಎಲ್‌ಟಿಎಸ್ ಕಷ್ಟವೇ? ಜರ್ಮನ್ ಬೇಕೇ?

ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಎಂಜಿನಿಯರಿಂಗ್ ಅಥವಾ ವಿಜ್ಞಾನ ಮುಗಿಸಿದವರಿಗೆ ಓದುವುದು, ಕೇಳುವುದು ಅಷ್ಟು ಕಷ್ಟವಾಗದು. ಕೈಕೊಡುವುದು ಬರವಣಿಗೆ. ಹೆಚ್ಚಿನ ಕೋರ್ಸುಗಳು ಒಟ್ಟು 6.5 ಕೇಳುತ್ತವೆ, ಕೆಲವು 6ಕ್ಕೆ ತೃಪ್ತಿಪಡುತ್ತವೆ. ದಿನಕ್ಕೊಂದು ಪುಟ ಬರೆದು, ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಅಧ್ಯಾಪಕರಿಂದ ತಿದ್ದಿಸಿಕೊಳ್ಳಿ. ದುಬಾರಿ ತರಬೇತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಅಂಕ ಎರಡು ವರ್ಷ ಮಾನ್ಯ. ಪದವಿಯ ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಕಾಲೇಜಿನ ಪತ್ರವನ್ನೇ ಒಪ್ಪುವ ಕೋರ್ಸುಗಳೂ ಇವೆ, ಆದರೆ ಅದನ್ನೇ ನಂಬಿದರೆ ಆಯ್ಕೆಗಳು ಕುಗ್ಗುತ್ತವೆ.

ಜರ್ಮನ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಪ್ರವೇಶ ಪಡೆಯಲು ಜರ್ಮನ್ ಬೇಡ, ಬದುಕಲು, ಕೆಲಸ ಹಿಡಿಯಲು ಬೇಕೇ ಬೇಕು. ಇಲ್ಲಿಂದ ಹೊರಡುವ ಮೊದಲು ಕನಿಷ್ಠ ಎ2 ಮಟ್ಟ (ಭಾಷಾ ಕಲಿಕೆಯ ಎರಡನೆಯ ಹಂತ) ಮುಗಿಸಿ. ಬೆಂಗಳೂರಿನ ಇಂದಿರಾನಗರದಲ್ಲಿ ಗೋಯೆಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಅದು ಆನ್‌ಲೈನ್ ತರಗತಿಗಳನ್ನೂ ನಡೆಸುವುದರಿಂದ ರಾಯಚೂರಿನಲ್ಲಿದ್ದರೂ ಕಲಿಯಬಹುದು. ಅರ್ಜಿ ಹಾಕಿ ಉತ್ತರಕ್ಕೆ ಕಾಯುವ ತಿಂಗಳುಗಳು ಭಾಷೆಗೆ ಹೇಳಿ ಮಾಡಿಸಿದ ಕಾಲ.

ಜಿಆರ್‌ಇ ಬೇಕೇ?

ಬಹುತೇಕ ಕೋರ್ಸುಗಳಿಗೆ ಈ ಪ್ರವೇಶ ಪರೀಕ್ಷೆ ಬೇಡ. ಕೆಲವು ವಿಭಾಗಗಳು ಕೇಳುತ್ತವೆ, ಕೆಲವು ಅದರ ಬದಲು ಗೇಟ್ ಅಂಕವನ್ನು ಒಪ್ಪುತ್ತವೆ.

ಉದ್ದೇಶ ಪತ್ರ ಹೇಗೆ ಬರೆಯಬೇಕು?

ಬಾಲ್ಯದಲ್ಲಿ ರೇಡಿಯೊ ಬಿಚ್ಚಿ ನೋಡಿದ್ದರಿಂದ ಆರಂಭಿಸಬೇಡಿ. ಪ್ರವೇಶ ಸಮಿತಿಯಲ್ಲಿರುವವರು ಪ್ರಾಧ್ಯಾಪಕರು. ಇವರು ನಮ್ಮ ಕೋರ್ಸಿನಲ್ಲಿ ಓದಿ ತೇರ್ಗಡೆಯಾಗಬಲ್ಲರೇ, ಏಕೆ ಈ ಕೋರ್ಸನ್ನೇ ಆರಿಸಿದರು ಎಂಬುದಷ್ಟೇ ಅವರಿಗೆ ಬೇಕು.

ಕೋರ್ಸಿನ ಮಾಡ್ಯೂಲ್ ಹ್ಯಾಂಡ್‌ಬುಕ್, ಅಂದರೆ ಪ್ರತಿ ವಿಷಯದ ವಿವರ ಇರುವ ಕೈಪಿಡಿ, ಇಳಿಸಿಕೊಂಡು ಓದಿ. ನೂರಾರು ಪುಟ ಇರುತ್ತದೆ, ಪರವಾಗಿಲ್ಲ, ನಿಮ್ಮ ಆಸಕ್ತಿಯ ಭಾಗವನ್ನಾದರೂ ಓದಿ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಅಲ್ಲಿನ ಯಾವ ವಿಷಯಕ್ಕೆ ತಾಗುತ್ತದೆ, ಆ ಪ್ರಾಜೆಕ್ಟಿನಲ್ಲಿ ನೀವು ವೈಯಕ್ತಿಕವಾಗಿ ಮಾಡಿದ್ದೇನು, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ಬಿಡಿಸಲು ಇನ್ನೇನು ಕಲಿಯಬೇಕೆನಿಸಿತು ಎಂಬುದನ್ನು ಬರೆಯಿರಿ. ತುಮಕೂರಿನ ಕೊಳವೆಬಾವಿಗಳ ನೀರಿನ ಮಟ್ಟ ಅಳೆಯಲು ಸೆನ್ಸರ್ ಜೋಡಿಸಿದ್ದರೆ ಅದನ್ನೇ ಬರೆಯಿರಿ. ನಮ್ಮ ಮಕ್ಕಳು ತಮ್ಮ ಊರಿನ ಕೆಲಸವನ್ನು ಸಣ್ಣದೆಂದು ಬಿಟ್ಟು, ಎಲ್ಲರೂ ಬಳಸುವ ದೊಡ್ಡ ಪದಗಳನ್ನು ತುಂಬುತ್ತಾರೆ. ನನಗೆ ತುಂಬ ಬೇಸರವಾಗುವುದು ಅಲ್ಲೇ.

ಐದು ವಿಶ್ವವಿದ್ಯಾಲಯಗಳಿಗೆ ಒಂದೇ ಪತ್ರದಲ್ಲಿ ಹೆಸರು ಬದಲಿಸಿ ಕಳುಹಿಸಬೇಡಿ. ಹಣ ಕೊಟ್ಟು ಬರೆಸಬೇಡಿ. ಕೃತಕ ಬುದ್ಧಿಮತ್ತೆಯಿಂದ ವ್ಯಾಕರಣ ತಿದ್ದಿಸಿಕೊಳ್ಳುವುದು ಬೇರೆ, ಬದುಕನ್ನೇ ಬರೆಸುವುದು ಬೇರೆ. ನಕಲು ಮತ್ತು ಯಂತ್ರದ ಬರಹದ ಬಗ್ಗೆ ಅನೇಕ ವಿಶ್ವವಿದ್ಯಾಲಯಗಳು ಸಹಿ ಮಾಡಿದ ಘೋಷಣೆ ಕೇಳುತ್ತವೆ. ಒಂದರಿಂದ ಎರಡು ಪುಟ ಸಾಕು.

ಶಿಫಾರಸು ಪತ್ರವನ್ನು ಪ್ರಾಂಶುಪಾಲರಿಂದಲೇ ತರಬೇಕೇ?

ಬೇಡ. ನಿಮ್ಮನ್ನು ಬಲ್ಲ ಅಧ್ಯಾಪಕರ ಪತ್ರವೇ ಮೇಲು, ಪ್ರಾಜೆಕ್ಟ್ ಮಾರ್ಗದರ್ಶಕರಾದರೆ ಇನ್ನೂ ಒಳ್ಳೆಯದು. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವವರು ಇದ್ದಾರೆ. ಆಗ ನಿಮ್ಮ ಕೆಲಸದ ಒಂದು ಪುಟದ ಟಿಪ್ಪಣಿ ಕೊಟ್ಟು, ದಯವಿಟ್ಟು ತಾವೇ ಬರೆಯಿರಿ ಸರ್ ಎಂದು ವಿನಂತಿಸಿ. ತಿಂಗಳು ಮುಂಚೆ ಕೇಳಿದರೆ ಹೆಚ್ಚಿನವರು ಬರೆದುಕೊಡುತ್ತಾರೆ. ಲೆಟರ್‌ಹೆಡ್ ಮತ್ತು ಕಾಲೇಜಿನ ಇಮೇಲ್ ವಿಳಾಸ ಇರಲಿ.

ಏಜೆಂಟರು ಉಚಿತವಾಗಿ ಎಲ್ಲ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಉಚಿತ ಎಂದಾಗ ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುವುದಿಲ್ಲ. ಕೊಡುವವು ಖಾಸಗಿ ಸಂಸ್ಥೆಗಳು. ಹಾಗಾಗಿ ಉಚಿತ ಸಲಹೆ ಬಹಳ ಸಲ ‘ನಿಮ್ಮ ಅಂಕಕ್ಕೆ ಸರ್ಕಾರಿ ಸಿಗುವುದಿಲ್ಲ, ಈ ಖಾಸಗಿಯಲ್ಲಿ ಖಂಡಿತ ಸಿಗುತ್ತದೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಕೋರ್ಸಿನ ಶುಲ್ಕ ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟಬಹುದು. ಹೊಲ ಅಥವಾ ನಿವೇಶನ ಮಾರಿ ಆ ಶುಲ್ಕ ಕಟ್ಟಿದ ಮನೆಗಳನ್ನು ಕಂಡಿದ್ದೇನೆ. ಅದೇ ಅಂಕಕ್ಕೆ ಸರ್ಕಾರಿ ಹೊಖ್‌ಶೂಲೆಯಲ್ಲಿ ಸೀಟು ಸಿಗುವ ಸಾಧ್ಯತೆಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಎಲ್ಲ ಖಾಸಗಿ ಸಂಸ್ಥೆಗಳೂ ಕೆಟ್ಟವು ಎನ್ನುತ್ತಿಲ್ಲ. ರಾಜ್ಯದ ಮಾನ್ಯತೆ ಇದೆಯೇ, ತರಗತಿಗಳು ನೇರವಾಗಿ ನಡೆಯುತ್ತವೆಯೋ ಆನ್‌ಲೈನ್‌ನಲ್ಲೋ ಎಂದು ನೋಡಿ. ಆನ್‌ಲೈನ್ ಪಾಲು ಹೆಚ್ಚಿದ್ದರೆ ವೀಸಾಕ್ಕೇ ತೊಡಕು. ಸಹಾಯ ಬೇಕೇ ಬೇಕೆಂದರೆ ಹಣ ಕೊಟ್ಟೇ ಪಡೆಯಿರಿ, ಆದರೆ ಅರ್ಜಿಯ ಲಾಗಿನ್, ಪಾಸ್‌ವರ್ಡ್, ಇಮೇಲ್ ನಿಮ್ಮದೇ ಆಗಿರಲಿ. ಏಜೆಂಟರ ಇಮೇಲ್‌ಗೆ ಬಂದ ಪ್ರವೇಶ ಪತ್ರವನ್ನು ವಿದ್ಯಾರ್ಥಿ ಗಡುವು ಮುಗಿದ ಮೇಲೆ ನೋಡಿದ ಪ್ರಸಂಗಗಳಿವೆ.

ಬ್ಲಾಕ್ಡ್ ಅಕೌಂಟ್‌ನಲ್ಲಿ ಎಷ್ಟು ಹಣ ಇಡಬೇಕು? ಅದು ಖರ್ಚಾಗಿ ಹೋಗುತ್ತದೆಯೇ?

ಬ್ಲಾಕ್ಡ್ ಅಕೌಂಟ್ ಎಂದರೆ ವೀಸಾಕ್ಕಾಗಿ ಮೊದಲೇ ಹಣ ತುಂಬಿಡಬೇಕಾದ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ ವರ್ಷಕ್ಕೆ 11,904 ಯೂರೋ. ಯೂರೋಗೆ 100 ರೂಪಾಯಿಯಂತೆ ಹಿಡಿದರೆ ಸುಮಾರು 12 ಲಕ್ಷ. ಇದು ನಿಮ್ಮ ಹೆಸರಿನಲ್ಲೇ ಇರುವ ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಖಾತೆಗೆ ಬರುತ್ತದೆ. ಅಂದರೆ ಮೊದಲ ವರ್ಷದ ಜೀವನ ಖರ್ಚನ್ನು ಮುಂಗಡವಾಗಿ ತೋರಿಸಿದಂತೆ. ಇದರಲ್ಲಿ ಆರೋಗ್ಯ ವಿಮೆಗೆ ತಿಂಗಳಿಗೆ ಸುಮಾರು 140 ಯೂರೋ ಮೇಲ್ಪಟ್ಟು ಹೋಗುತ್ತದೆ, ಉಳಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೆ. ಮ್ಯೂನಿಕ್‌ನಲ್ಲಿ ಇದು ಸಾಲದು. ಕೆಮ್ನಿಟ್ಸ್, ಮಾಗ್ಡೆಬರ್ಗ್, ಇಲ್ಮೆನಾವ್‌ನಂಥ ಪೂರ್ವ ಜರ್ಮನಿಯ ಊರುಗಳಲ್ಲಿ ಹಿಡಿದು ಖರ್ಚು ಮಾಡಿದರೆ ಉಳಿಯಲೂಬಹುದು. ಎರಡನೆಯ ವರ್ಷಕ್ಕೂ ಹಣದ ಆಧಾರ ತೋರಿಸಿಯೇ ವಾಸ ಪರವಾನಗಿ ನವೀಕರಿಸಬೇಕು.

ಸಾಲ ಸಿಗುತ್ತದೆಯೇ? ನಮಗೆ ಇರುವುದು ಜಮೀನು ಮಾತ್ರ.

ಸರ್ಕಾರಿ ಬ್ಯಾಂಕುಗಳಲ್ಲಿ 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಡ. ಅದಕ್ಕೆ ಮೇಲೆ ಮನೆ, ನಿವೇಶನ, ಫ್ಲಾಟ್ ಅಥವಾ ಠೇವಣಿ ಕೇಳುತ್ತಾರೆ. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಏಕೆಂದರೆ ಸಾಲ ತೀರದಿದ್ದರೆ ಅದನ್ನು ಬ್ಯಾಂಕುಗಳ ಸಾಲ ವಸೂಲಿಗೆಂದೇ ಇರುವ ಸರ್ಫೇಸಿ ಕಾಯ್ದೆಯಡಿ ವಶಪಡಿಸಿಕೊಳ್ಳಲು ಬರುವುದಿಲ್ಲ. ಪಹಣಿ ಹಿಡಿದು ಬ್ಯಾಂಕಿಗೆ ಅಲೆಯುವ ಮುನ್ನ ಈ ಮಾತು ತಿಳಿದಿರಲಿ. ಊರಿನ ಮನೆಯನ್ನು ಕೊಡುವುದಾದರೆ ಇ-ಖಾತಾ, ಋಣಭಾರ ಪ್ರಮಾಣಪತ್ರ, ಮೂಲ ಕ್ರಯಪತ್ರ ಸರಿಯಾಗಿವೆಯೇ ಎಂದು ಆರು ತಿಂಗಳು ಮೊದಲೇ ನೋಡಿಕೊಳ್ಳಿ. ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಎಲ್ಲರ ಸಹಿ ಬೇಕಾಗುತ್ತದೆ.

ಬ್ಯಾಂಕಿನವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ಬ್ಲಾಕ್ಡ್ ಅಕೌಂಟ್‌ಗೆ ನೇರವಾಗಿ ಹಣ ಬಿಡುಗಡೆ ಮಾಡುತ್ತೀರಾ? ಕೆಲವು ಶಾಖೆಗಳಿಗೆ ಈ ಪದ್ಧತಿಯೇ ಹೊಸದು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಒಂದೇ ಅರ್ಜಿಯಿಂದ ಹಲವು ಬ್ಯಾಂಕುಗಳನ್ನು ತಲುಪಬಹುದು. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸಾಲದ ಬಡ್ಡಿಗೆ 8 ವರ್ಷದವರೆಗೆ ವಿನಾಯಿತಿ ಇದೆ.

ವಿದ್ಯಾರ್ಥಿವೇತನ?

ಡಿಎಎಡಿಯ ‘ಎಪೋಸ್’ ಯೋಜನೆ ಎರಡು ವರ್ಷದ ಕೆಲಸದ ಅನುಭವ ಇರುವವರಿಗೆ ಅತ್ಯುತ್ತಮ. ಅಲ್ಲಿಗೆ ಸೇರಿದ ಮೇಲೆ ‘ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ’ಗೆ ಅರ್ಜಿ ಹಾಕಬಹುದು, ತಿಂಗಳಿಗೆ 300 ಯೂರೋ, ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದಲ್ಲಿ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗ ಸಾಲದ ಯೋಜನೆಗಳಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಇಂದೇ ನೋಡಿ. ಅರ್ಹರಿದ್ದೂ ಅರ್ಜಿ ಹಾಕದವರ ಸಂಖ್ಯೆ ದೊಡ್ಡದು.

ಪಾರ್ಟ್‌ಟೈಮ್ ದುಡಿದು ಸಾಲ ತೀರಿಸಬಹುದೇ?

ಊಟ, ಬಾಡಿಗೆಗೆ ನೆರವಾಗಬಹುದು; ಸಾಲ ತೀರುತ್ತದೆ ಎಂದು ಲೆಕ್ಕ ಹಾಕಬೇಡಿ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು, 2026ರ ಜನವರಿಯಿಂದ 13.90. ಪ್ರಾಧ್ಯಾಪಕರ ಬಳಿ ಸಹಾಯಕರಾಗಿ ಮಾಡುವ ಕೆಲಸ ಸಿಕ್ಕರೆ ಬಿಡಬೇಡಿ, ಓದಿಗೂ ಅನುಕೂಲ. ಭಾಷೆ ಬಂದಂತೆಲ್ಲ ಕೆಲಸದ ಆಯ್ಕೆ ಹೆಚ್ಚುತ್ತದೆ.

ವೀಸಾ ನಿರಾಕರಿಸಿದರೆ ಮೇಲ್ಮನವಿ ಇದೆಯೇ?

ಹಿಂದೆ ಕಾನ್ಸುಲೇಟ್‌ಗೇ ಮರುಪರಿಶೀಲನೆಯ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು ಅಥವಾ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಮೊದಲ ಅರ್ಜಿಯೇ ಸರಿಯಾಗಿರಬೇಕು. ವೀಸಾ ಶುಲ್ಕ 75 ಯೂರೋ. ಪ್ರವೇಶ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟ್, ವಿಮೆ ಇವುಗಳ ಜೊತೆಗೆ ಓದಿನ ಯೋಜನೆಯನ್ನು ಗಂಭೀರವಾಗಿ ನೋಡುತ್ತಾರೆ. ‘ಏಕೆ ಈ ಕೋರ್ಸು’ ಎಂಬುದಕ್ಕೆ ಸಂದರ್ಶನದಲ್ಲಿ ತಡವರಿಸುವವರು ಹೆಚ್ಚಾಗಿ ತಮ್ಮ ಉದ್ದೇಶ ಪತ್ರವನ್ನು ತಾವು ಬರೆದಿರುವುದಿಲ್ಲ.

ಮನೆ ಹುಡುಕುವುದು ಅಲ್ಲಿಗೆ ಹೋದ ಮೇಲೆಯೇ?

ಪ್ರವೇಶ ಪತ್ರ ಬಂದ ದಿನವೇ ಸ್ಟುಡಿರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ವಿದ್ಯಾರ್ಥಿ ನಿಲಯಗಳ ಕಾಯುವ ಪಟ್ಟಿಗೆ ಹೆಸರು ಹಾಕಿ. ಕೋಣೆ ನೋಡದೆ, ಒಪ್ಪಂದ ಇಲ್ಲದೆ ಮುಂಗಡ ಕಳುಹಿಸಬೇಡಿ. ಹೊಸಬರನ್ನು ಗುರಿ ಮಾಡುವ ವಂಚಕರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೆಚ್ಚು. ಕೋಣೆಯಲ್ಲಿ ವಿಳಾಸ ನೋಂದಣಿಗೆ ಮಾಲೀಕರು ಪತ್ರ ಕೊಡುತ್ತಾರೆಯೇ ಎಂದು ಕೇಳಿ, ಆ ನೋಂದಣಿ ಆಗದೆ ಮುಂದಿನ ಕೆಲಸಗಳು ನಿಲ್ಲುತ್ತವೆ. ದೊಡ್ಡ ನಗರಗಳ ಕನ್ನಡ ಬಳಗಗಳು ಮೊದಲ ವಾರದ ತಂಗುವಿಕೆಗೆ ಎಷ್ಟೋ ಸಲ ನೆರವಾಗುತ್ತವೆ, ಕೇಳಲು ಸಂಕೋಚ ಬೇಡ.

ಅಲ್ಲಿಯೂ ಬ್ಯಾಕ್‌ಲಾಗ್ ಕಟ್ಟಿಕೊಂಡು ಪಾಸಾಗಬಹುದೇ?

ಇದನ್ನು ಹೊರಡುವ ಮೊದಲೇ ತಿಳಿದಿರಬೇಕು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಪ್ರಯತ್ನಗಳಷ್ಟೇ. ಕಡ್ಡಾಯ ವಿಷಯದಲ್ಲಿ ಮೂರನೆಯದರಲ್ಲೂ ಅನುತ್ತೀರ್ಣರಾದರೆ ನೋಂದಣಿ ರದ್ದಾಗುತ್ತದೆ, ಅದೇ ಕೋರ್ಸನ್ನು ದೇಶದ ಬೇರೆ ವಿಶ್ವವಿದ್ಯಾಲಯಗಳಲ್ಲಿ ಮುಂದುವರಿಸುವುದೂ ಕಷ್ಟವಾಗುತ್ತದೆ, ವಾಸ ಪರವಾನಗಿಗೂ ಪೆಟ್ಟು ಬೀಳುತ್ತದೆ. ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರದಲ್ಲೇ ಓದಿ. ಸಿದ್ಧತೆ ಸಾಲದಿದ್ದರೆ ಗಡುವಿನೊಳಗೆ ಪರೀಕ್ಷೆಯ ನೋಂದಣಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿರುತ್ತದೆ, ಅದನ್ನು ಬಳಸಿಕೊಳ್ಳಿ.

ಮುಗಿದ ಮೇಲೆ ಕೆಲಸ ಹುಡುಕಲು ಎಷ್ಟು ಸಮಯ ಕೊಡುತ್ತಾರೆ?

ಪದವಿ ಮುಗಿದ ಮೇಲೆ 18 ತಿಂಗಳ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡುತ್ತ ನಿಮ್ಮ ಓದಿಗೆ ತಕ್ಕ ಉದ್ಯೋಗ ಹುಡುಕಬಹುದು. ಜರ್ಮನ್ ಪದವಿ ಪಡೆದು, ಓದಿಗೆ ತಕ್ಕ ಉದ್ಯೋಗದಲ್ಲಿ ಎರಡು ವರ್ಷ ಪೂರೈಸಿದವರು ಬಿ1 ಮಟ್ಟದ ಭಾಷೆ ಮತ್ತಿತರ ಷರತ್ತುಗಳೊಂದಿಗೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ವಾಹನೋದ್ಯಮದಲ್ಲಿ ನೇಮಕಾತಿ ಈಗ ಬಿಗಿಯಾಗಿದೆ. ಎರಡನೆಯ ವರ್ಷದಲ್ಲಿ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಬಂಧ ಮಾಡಿದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಅದಕ್ಕೆ ಅರ್ಜಿ ಹಾಕಲು ಮೂರನೆಯ ಸೆಮಿಸ್ಟರ್‌ವರೆಗೆ ಕಾಯದೆ ಎರಡನೆಯದರಲ್ಲೇ ಆರಂಭಿಸಿ.